ತಮ್ಮನ ಬಲಗೈ, ಅಣ್ಣನ ಖಂಜಿರ

2025 ಜುಲೈ 20, ಭಾನುವಾರ
ಚಿಕ್ಕಮಗಳೂರು

ಆರು ಗಂಟೆಗೇ ಎಚ್ಚರವಾಯಿತು. ಮಳೆ ಇನ್ನೂ ಬಿಟ್ಟಿಲ್ಲ. ನಿನ್ನೆ ಕಾರ್ಯಕ್ರಮ ಮುಗಿಸಿ ಆಲ್ದೂರಿನಿಂದ ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ. ಮಲಗಿದರೂ ಬೆರಳುಗಳು ಕಂಬಳಿಯ ಮೇಲೆ ಮೂರು, ನಾಲ್ಕು, ಮೂರು, ನಾಲ್ಕು ಅಂತ ಎಣಿಸುತ್ತಲೇ ಇದ್ದವು. ಮರೆಯುವ ಮುಂಚೆ ಬರೆದಿಡುತ್ತೇನೆ.

ಆರು ವರ್ಷದಿಂದ ನಾವಿಬ್ಬರೇ. ಹಾಡು ನನ್ನದು, ಗಿಟಾರ್ ತಮ್ಮನದು. ಭಾವಗೀತೆ, ತತ್ವಪದ, ನಾಲ್ಕಾರು ವಚನ, ಕೊನೆಗೆ ಜನ ಕೇಳಿದ ಹಳೇ ಸಿನಿಮಾ ಹಾಡು ಒಂದೆರಡು. ಹೋಂಸ್ಟೇಗಳಲ್ಲಿ, ಗಣಪತಿ ಪೆಂಡಾಲಿನಲ್ಲಿ, ಯಾರದೋ ಗೃಹಪ್ರವೇಶದ ಸಂಜೆ. ಮೂರನೆಯವರು ಬೇಕು ಅಂತ ನಮಗೆ ಅನ್ನಿಸಿರಲೇ ಇಲ್ಲ. ಏಪ್ರಿಲ್‌ನಲ್ಲಿ ಮೂಡಿಗೆರೆ ಕಡೆಯ ಒಂದು ಮನೆಯಲ್ಲಿ ತತ್ವಪದ ಮುಗಿಸಿದಾಗ ಒಬ್ಬ ಅಜ್ಜಿ ಹತ್ತಿರ ಕರೆದು, "ಚೆನ್ನಾಗಿ ಹಾಡ್ತೀಯ ಮಗಾ. ಒಂದು ದಮ್ಮಡಿ ಇದ್ದಿದ್ರೆ ನಾವೂ ಕೈ ತಟ್ತಿದ್ವಿ" ಅಂದರು. ಆ ಮಾತು ನನ್ನನ್ನು ಬಿಡಲಿಲ್ಲ. ಏಕತಾರಿ, ಕೈಯಲ್ಲಿ ಹಿಡಿದು ಬಡಿಯುವ ದಮ್ಮಡಿ, ತಾಳ ಇಟ್ಟುಕೊಂಡೇ ಬೆಳೆದ ಪದಗಳು ಅವು. ನಾನು ಅದರಿಂದ ದಮ್ಮಡಿ ಕಿತ್ತು ಗಿಟಾರ್ ಕೊಟ್ಟಿದ್ದೆ, ಕಿತ್ತಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ.

ತಾಳವಾದ್ಯ ನುಡಿಸುವವರನ್ನು ಹುಡುಕಿದಾಗ ಸಿಕ್ಕವರು ಅಣ್ಣ. ಸ್ವಂತ ಅಣ್ಣ ಅಲ್ಲ. ಕಡೂರು ಕಡೆಯವರು, ಪೇಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಹನ್ನೆರಡು ವರ್ಷ ಮೃದಂಗ ಕಲಿತವರು. ಮೃದಂಗವನ್ನೇ ತರುತ್ತಾರೆ ಅಂದುಕೊಂಡಿದ್ದೆ. ಮೊದಲ ದಿನ ಬಂದದ್ದು ಒಂದು ಕೈಚೀಲ, ಅದರೊಳಗೆ ಟವೆಲಿನಲ್ಲಿ ಸುತ್ತಿದ ಖಂಜಿರ ಅನ್ನುವ ಪುಟ್ಟ ಚರ್ಮವಾದ್ಯ. ಕಾರಣ ಕೇಳಿದ್ದಕ್ಕೆ ಗಿಟಾರಿನ ಕ್ಯಾಪೊ, ಅಂದರೆ ಶ್ರುತಿ ಏರಿಸಲು ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು, ತೋರಿಸಿದರು. ನಾನು ಹೆಚ್ಚಾಗಿ ಐದೂವರೆ ಮನೆ ಶ್ರುತಿಯಲ್ಲಿ ಹಾಡುತ್ತೇನೆ, ತಮ್ಮ ಗಿಟಾರಿನ ಕತ್ತಿನ ನಾಲ್ಕನೇ ಮನೆಗೆ ಕ್ಯಾಪೊ ಹಾಕುತ್ತಾನೆ. ಮುಂದಿನ ಹಾಡಿಗೆ ಕ್ಯಾಪೊ ಬೇರೆಲ್ಲಿಗೋ ಜಿಗಿದಿರುತ್ತದೆ. ಮೃದಂಗದ ಬಲಮುಖ ಹಾಡುವವರ ಶ್ರುತಿಗೆ ಸೇರಿರಬೇಕು. ಹಾಡು ಹಾಡಿಗೂ ಕೂತು ಕಲ್ಲಿನಲ್ಲಿ ಬಡಿಯುತ್ತಾ ಶ್ರುತಿ ಮಾಡಿದರೆ ಕೇಳುವವರು ಎದ್ದು ಊಟಕ್ಕೆ ಹೋಗುತ್ತಾರೆ. ಖಂಜಿರಕ್ಕೆ ಆ ಕಟ್ಟುಪಾಡಿಲ್ಲ. ಎಡಗೈ ಬೆರಳಿನಿಂದ ಚರ್ಮ ಒತ್ತಿದರೆ ನಾದ ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ಅಷ್ಟೇ.

ಸುಮಾರು ಒಂದು ಗೇಣು ಅಗಲದ ಹಲಸಿನ ಮರದ ಬಳೆ, ಒಂದೇ ಬದಿಗೆ ಚರ್ಮ, ಪಕ್ಕದ ಸೀಳಿನಲ್ಲಿ ಒಂದು ಜೊತೆ ಬಿಲ್ಲೆ. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡ ರಕ್ಷಿತ ಪ್ರಾಣಿ, ಹಾಗಾಗಿ ಅಣ್ಣನದು ಆಡಿನ ಚರ್ಮ. ನಮ್ಮ ತೋಟದ ಬದುವಿನಲ್ಲಿ ಚಿಕ್ಕಂದಿನಲ್ಲಿ ಉಡ ನೋಡಿದವಳು ನಾನು. ಅದು ಬದುವಿನಲ್ಲೇ ಇರಲಿ. ಖಂಜಿರ ನುಡಿಸುವವರು ಕೂರುವ ಮುಂಚೆ ಚರ್ಮದ ಒಳಬದಿಗೆ ನೀರು ಸವರಿ ಬಿಗಿ ಇಳಿಸುತ್ತಾರೆ. ಆಷಾಢದಲ್ಲಿ ಇಲ್ಲಿ ಆ ಕೆಲಸ ಗಾಳಿಯೇ ಮಾಡುತ್ತದೆ, ಅದೂ ಅಳತೆ ಮೀರಿ. ಕಡೂರಿನಲ್ಲಿ ಗಣಗಣ ಅನ್ನುತ್ತಿದ್ದ ವಾದ್ಯ ನಮ್ಮ ಮನೆಗೆ ಬಂದ ಎರಡನೇ ದಿನ ಒದ್ದೆ ರಟ್ಟು ಬಡಿದ ಹಾಗೆ ಕೇಳಿಸಿತು. ಒಲೆಯ ಹತ್ತಿರ ಹಿಡಿದು, ಅಂಗೈಯಿಂದ ಮುಟ್ಟಿ ನೋಡುತ್ತಾ, ಮತ್ತೆ ಹಿಡಿದು, ಕಾಲು ಗಂಟೆ. ಅವಸರ ಮಾಡಿದರೆ ಚರ್ಮ ಬಿರಿಯುತ್ತದಂತೆ.

ಈ ಕಾರಣಕ್ಕೇ ಜೊತೆಗೊಂದು ಕಹೋನ್ ತಂದುಕೊಂಡರು. ಸ್ಪ್ಯಾನಿಷ್‌ನಲ್ಲಿ ಪೆಟ್ಟಿಗೆ ಅಂತಷ್ಟೇ ಅರ್ಥ. ಪೆರು ದೇಶಕ್ಕೆ ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕಾದ ಜನ ಸರಕಿನ ಪೆಟ್ಟಿಗೆ ಬಡಿದು ಕಟ್ಟಿಕೊಂಡ ವಾದ್ಯ. 1977ರಲ್ಲಿ ಗಿಟಾರ್ ವಾದಕ ಪಾಕೊ ದೆ ಲೂಸಿಯಾ ಅಲ್ಲಿಗೆ ಹೋದಾಗ ಅದನ್ನು ಕಂಡು ಸ್ಪೇನಿನ ಫ್ಲಮೆಂಕೊ ಸಂಗೀತಕ್ಕೆ ತಂದರು. ಫ್ಲಮೆಂಕೊ ಗಿಟಾರಿನ ಪಕ್ಕ ಕೂರಲು ಅದು ಕಲಿತದ್ದು ಆಮೇಲೆ. ಅದರ ಮೇಲೆ ಕೂತು ಮುಂದಿನ ತೆಳು ಹಲಗೆಯ ನಡುವೆ ಅಂಗೈ ಹಾಕಿದರೆ ದಿಮ್, ಮೇಲಂಚಿಗೆ ಬೆರಳು ಹಾಕಿದರೆ ಟಕ್. ಮರವಾದ್ದರಿಂದ ಮಳೆಗೆ ಅಷ್ಟಾಗಿ ಜಗ್ಗುವುದಿಲ್ಲ.

ಮೊದಲ ಎರಡು ಅಭ್ಯಾಸ ನನಗೆ ಹಿಂಸೆಯಾಯಿತು, ಇಲ್ಲಿ ಮುಚ್ಚಿಡುವುದಿಲ್ಲ. ಅಣ್ಣನ ಬೆರಳಲ್ಲಿ ಹನ್ನೆರಡು ವರ್ಷದ ಸೊಲ್ಲುಗಳಿವೆ, ಮೃದಂಗದ ಬಡಿತದ ಅಕ್ಷರಗಳು. ನಾನು ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅಲ್ಲೊಂದು ತೀರ್ಮಾನ, ಅಂದರೆ ತಾಳ ಮುಗಿಸುವ ಬಡಿತಗಳ ಗೊಂಚಲು, ಬಂದು ಕೂತಿರುತ್ತಿತ್ತು. ನಾನು ಸಾಲಿನ ಆಚೆ ಬೇಕೆಂದೇ ಬಿಡುವ ಮೌನ ಎಲ್ಲವೂ ತುಂಬಿಹೋಗುತ್ತಿತ್ತು. ಮೂರನೇ ದಿನ ತಡೆಯಲಾಗದೆ, "ಅಣ್ಣ, ನನ್ನ ಮಾತೇ ನನಗೆ ಕೇಳಿಸ್ತಿಲ್ಲ" ಅಂದುಬಿಟ್ಟೆ. ಹೇಳಿದ ರೀತಿ ಒರಟಾಯಿತು. ಅವರು ಖಂಜಿರ ಕೆಳಗಿಟ್ಟರು. ಸ್ವಲ್ಪ ಹೊತ್ತು ಬಿಟ್ಟು, "ಹಾಡೋದು ಬೇಡಮ್ಮ. ಸುಮ್ನೆ ಓದು" ಅಂದರು.

ನಾವೇ ರಾಗ ಹಾಕಿದ ಭಾವಗೀತೆ ಅದು. ಓದಿದೆ. ಅವರು ಕಣ್ಣು ಮುಚ್ಚಿ ಮಂಡಿಯ ಮೇಲೆ ಬೆರಳು ಹಾಕುತ್ತಿದ್ದರು. ಎರಡನೇ ಸಲ ಓದುವಾಗ ಬಾಯಲ್ಲಿ ಹೇಳತೊಡಗಿದರು: ತಕಿಟ ತಕಧಿಮಿ, ತಕಿಟ ತಕಧಿಮಿ. ಮೂರು, ನಾಲ್ಕು. "ಇದು ಏಳರ ನಡೆ. ಭಾಮಿನಿ ಷಟ್ಪದಿಗೆ ಇರೋದು ಇದೇ ಹೆಜ್ಜೆ. ನೀವು ಮೂರನ್ನ ಎಳೆದು ಎಳೆದು ನಾಲ್ಕು ಮಾಡಿ ಎಂಟಕ್ಕೆ ಕೂರಿಸಿದೀರ. ಅದಕ್ಕೇ ನಾನು ಎಲ್ಲೆಲ್ಲೋ ತುಂಬಿಸಬೇಕಾಯ್ತು, ಜಾಗ ಉಳೀತಿತ್ತು."

ನನಗೆ ಮೈ ಜುಂ ಅಂದಿತು. ಮಾತ್ರಾಗಣ ಅಂತ ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಅಂಕ ತೆಗೆದುಕೊಂಡವಳು ನಾನು. ಭೋಗ ಷಟ್ಪದಿಗೆ ಮೂರರ ಗಣ, ವಾರ್ಧಕಕ್ಕೆ ಐದರದು, ಭಾಮಿನಿಗೆ ಮೂರು ನಾಲ್ಕು, ಎಲ್ಲ ಬಾಯಿಪಾಠ. ಅದು ಚರ್ಮದ ಮೇಲೆ ಬೀಳುವ ಬೆರಳು ಅಂತ ಯಾವ ಟೀಚರೂ ಹೇಳಿರಲಿಲ್ಲ. ಅಣ್ಣನಿಗೆ ಹುರುಪು ಬಂತು. "ನಮ್ಮ ಕಡೆ ದೇವನೂರಿನ ಲಕ್ಷ್ಮೀಶ ಜೈಮಿನಿ ಭಾರತ ಪೂರ್ತಿ ಐದರಲ್ಲೇ ನಡೆಸಿಲ್ವಾ" ಅಂತ ವಾರ್ಧಕದ ಸಾಲೊಂದನ್ನು ಐದರ ತಾಳವಾದ ಖಂಡಚಾಪಿಗೆ ಹಚ್ಚಿ ತೋರಿಸಿದರು. ಇಪ್ಪತ್ತು ಮಾತ್ರೆಯ ಸಾಲು, ನಾಲ್ಕು ಸಲ ತಕತಕಿಟ. ಒಂದು ಬೆರಳೂ ಹೆಚ್ಚು ಬೇಕಾಗಲಿಲ್ಲ. ಆ ರಾತ್ರಿ ನಮ್ಮ ಪಟ್ಟಿಯ ಎಲ್ಲ ಹಾಡನ್ನೂ ಓದಿ ಓದಿ ಗುರುತು ಹಾಕಿದೆವು. ವಚನಗಳನ್ನು ಮಾತ್ರ ಬಿಟ್ಟೆವು. ಅವು ಎಣಿಕೆಗೆ ಸಿಗುವುದಿಲ್ಲ, ಸಿಗಿಸಬಾರದು ಅಂತ ಮೂವರಿಗೂ ಅನ್ನಿಸಿತು.

ಕಷ್ಟವಾದದ್ದು ತಮ್ಮನಿಗೆ. ಇಷ್ಟು ವರ್ಷ ನಮ್ಮ ಹಾಡಿಗೆ ತಾಳ ಕೊಟ್ಟದ್ದು ಅವನ ಬಲಗೈ. ತಂತಿ ಮೀಟಿ ತಕ್ಷಣ ಅಂಗೈಯಂಚಿನಿಂದ ಮುಚ್ಚಿ ಚಕ್ ಅನ್ನಿಸುತ್ತಾನಲ್ಲ, ಅದೇ ನನ್ನ ದಮ್ಮಡಿಯಾಗಿತ್ತು. ಈಗ ಅದೂ ಖಂಜಿರವೂ ಒಂದೇ ಜಾಗಕ್ಕೆ ಬಡಿದಾಡತೊಡಗಿದವು. ದಪ್ಪ ತಂತಿಗಳ ಮೇಲೆ ಕಹೋನಿನ ದಿಮ್ ಬಿದ್ದರಂತೂ ಎರಡೂ ಕಲಸಿ ಮುದ್ದೆ. ಯಾರಾದರೂ ಒಬ್ಬರು ಕೈ ತೆಗೆಯಬೇಕು. ಅಣ್ಣ ಬಾಯಿಬಿಟ್ಟು ಹೇಳಲಿಲ್ಲ, ನಾನು ಹೇಳಲಾರದೆ ಕೂತಿದ್ದೆ. ತಮ್ಮನೇ ತಂತಿ ಮೀಟುವ ಪ್ಲೆಕ್ಟ್ರಮ್ ಜೇಬಿಗೆ ಹಾಕಿ ಬೆರಳಲ್ಲಿ ನುಡಿಸಲು ಶುರುಮಾಡಿದ. ಮೂರರ ಮೊದಲಿಗೊಂದು ಮೀಟು, ನಾಲ್ಕರ ಮೊದಲಿಗೊಂದು. ನಡುವೆ ಖಾಲಿ. ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ನಿನ್ನೆಯದು ತೋಟದ ನಡುವಿನ ಒಂದು ಹೋಂಸ್ಟೇ. ಹಂಚಿನ ಮಾಡಿನ ಹಜಾರ, ಮೂವತ್ತು ಜನ. ಕಹೋನಿನ ಹಿಂದಿನ ತೂತಿಗೆ ಮೈಕ್ ಇಟ್ಟು ನೋಡಿದರೆ ಇಡೀ ಹಜಾರ ಗುಂಯ್ ಅಂದಿತು, ನನ್ನ ಮಂದ್ರ ಸ್ವರಗಳು ಅದರಡಿ ಮುಳುಗಿದವು. ಮೈಕ್ ದೂರ ಸರಿಸಿದೆವು, ಬೇಸ್ ಇಳಿಸಿದೆವು, ಕೊನೆಗೆ ಮೈಕನ್ನೇ ತೆಗೆದೆವು. ಅಷ್ಟು ಸಣ್ಣ ಜಾಗದಲ್ಲಿ ಬರಿಗೈಯೇ ಸಾಕು. ಇನ್ನೊಂದು ಬದಲಾವಣೆ: ನನ್ನ ಹಿಂದೆ ಕೂರುತ್ತಿದ್ದ ಅಣ್ಣನನ್ನು ತಮ್ಮನ ಎದುರಿಗೆ ಓರೆಯಾಗಿ ಕೂರಿಸಿದೆವು. ನನ್ನನ್ನು ನೋಡುವುದಕ್ಕಿಂತ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುವುದು ಮುಖ್ಯ.

ತತ್ವಪದಕ್ಕೆ ಜನ ಕೈ ತಟ್ಟಿದರು. ನಾನು ಹೇಳದೆಯೇ. ಆ ಅಜ್ಜಿ ಇದ್ದಿದ್ದರೆ ಅಂತ ಹಾಡುತ್ತಲೇ ನೆನೆದೆ. ವಚನ ಬಂದಾಗ ಅಣ್ಣ ಖಂಜಿರವನ್ನು ತೊಡೆಯ ಮೇಲೆ ಬೋರಲು ಹಾಕಿ ಎರಡೂ ಕೈ ಅದರ ಮೇಲಿಟ್ಟು ಕೂತರು. ಹೊರಗೆ ಮಳೆ, ಒಳಗೆ ನನ್ನ ದನಿ, ಗಿಟಾರಿನ ಒಂದೇ ತಂತಿ. ಅದಕ್ಕೆ ಹಿಂದಿನ ಹಾಡಿನ ತಾಳದಿಂದಲೇ ಅಷ್ಟು ಬೆಲೆ ಬಂತು. ಬರೀ ಇಬ್ಬರೇ ಇದ್ದಾಗ ವಚನ ಹೀಗೆ ಕೇಳಿಸಿದ್ದೇ ಇಲ್ಲ.

ದುಡ್ಡು ಹೋದ ವರ್ಷದಷ್ಟೇ. ಮೂರು ಪಾಲು ಮಾಡಿದೆವು.

ವಾಪಸು ಬರುವಾಗ ತಮ್ಮ ಕಾರಿನಲ್ಲಿ ಮಾತಾಡಲಿಲ್ಲ. ಅಣ್ಣನನ್ನು ಇಳಿಸಿ ಮನೆಯ ಗೇಟು ತೆಗೆಯುವಾಗ ಕೇಳಿದ, "ಅಕ್ಕ, ಏಳರ ಹಾಡಲ್ಲಿ ಎರಡನೇ ಚರಣಕ್ಕೆ ನಾನು ತಪ್ಪಿದೆ. ಗೊತ್ತಾಯ್ತಾ ನಿಂಗೆ?"

"ಇಲ್ವಲ್ಲ ಮಾರಾಯ."

"ಅಣ್ಣಂಗೆ ಗೊತ್ತಾಯ್ತು. ಎರಡು ಸುತ್ತು ಬರೀ ಮೊದಲನೇ ಪೆಟ್ಟು ಕೊಟ್ಕೊಂಡು ಕಾದ್ರು, ನಾನು ಬಂದು ಸೇರೋ ತನಕ."

ಖಂಜಿರ ಕಾರಿನಲ್ಲೇ ಉಳಿದುಹೋಗಿತ್ತು. ಈಗ ಅಡುಗೆಮನೆಯಲ್ಲಿ ಒಲೆಯಿಂದ ಎರಡಡಿ ಆಚೆ ಮೊಳೆಗೆ ನೇತುಹಾಕಿದ್ದೇನೆ. ಬುಧವಾರ ಸಂಜೆ ಅಭ್ಯಾಸಕ್ಕೆ ಬಂದಾಗ ಅಣ್ಣ ತೆಗೆದುಕೊಳ್ಳುತ್ತಾರೆ. ಇದನ್ನು ಬರೆಯುವಷ್ಟರಲ್ಲಿ ತಮ್ಮ ಎದ್ದಿದ್ದಾನೆ. ಹಲ್ಲುಜ್ಜುತ್ತಾ ಹಿತ್ತಿಲ ಬಾಗಿಲಿನ ಚೌಕಟ್ಟಿಗೆ ಇನ್ನೊಂದು ಕೈಯಿಂದ ಬಡಿಯುತ್ತಿದ್ದಾನೆ, ಮೂರು, ನಾಲ್ಕು.