ಬಸ್ಸಿಗೆ ಹತ್ತೋವಷ್ಟು ನಾಟಕ

ಚಳ್ಳಕೆರೆ ಬಸ್‌ಸ್ಟ್ಯಾಂಡಲ್ಲಿ ಕಂಡಕ್ಟರ್ ಒಬ್ರು ನಮ್ಮ ಬಿದಿರು ಗಳ ನೋಡಿ "ಏನಮ್ಮಾ, ಚಪ್ಪರ ಹಾಕಕ್ಕೆ ಹೊರಟ್ರಾ?" ಅಂದ್ರು. ನಾಟಕದ ಸೆಟ್ಟು ಸಾರ್ ಅಂದೆ. "ಇಷ್ಟೇನಾ?" ಅಂತ ಲಗೇಜ್ ಟಿಕೆಟ್ ಒತ್ತಿ ಕೊಟ್ರು. ನಾಲ್ಕು ಗಳ, ಒಂದು ಟ್ರಂಕು, ಒಂದು ಬ್ಯಾಗಲ್ಲಿ ಲೈಟು, ನಾವು ಮೂರು ಜನ. 9 ವರ್ಷದಿಂದ ಯಾವ ರೆಪರ್ಟರಿ ತಂಡದ ಸಂಬಳಾನೂ ಇಲ್ದೆ ನಾಟಕದ ದುಡ್ಡಲ್ಲೇ ಮನೆ ಬಾಡಿಗೆ ಕಟ್ತಾ ಇದೀನಿ ಅಂದ್ರೆ ಅದಕ್ಕೆ ಕಾರಣ ಆ "ಇಷ್ಟೇನಾ"ನೇ.

ಮೊದ್ಲೇ ಹೀಗಿರ್ಲಿಲ್ಲ. ಹೆಗ್ಗೋಡಲ್ಲಿ ನೀನಾಸಂನ ನಾಟಕದ ಕೋರ್ಸ್ ಮುಗಿಸಿ ಒಂದು ವರ್ಷ ಅವ್ರದೇ ಊರೂರು ಸುತ್ತೋ ತಂಡ "ತಿರುಗಾಟ"ದಲ್ಲಿದ್ದೆ. 1985ರಿಂದ ನಡ್ಕೊಂಡ್ ಬಂದಿರೋ ವ್ಯವಸ್ಥೆ ಅದು, ಇವತ್ತು ಹಾಕಿದ ಸೆಟ್ಟು ರಾತ್ರಿನೇ ಬಿಚ್ಚಬೇಕು, ನಾಳೆ ಇನ್ನೊಂದೂರು. ಊಟ, ಸಂಬಳ, ಗಾಡಿ ಯಾವ್ದೂ ನಮ್ಮ ತಲೆನೋವಲ್ಲ. ಬೆಂಗಳೂರಿಗೆ ಬಂದು ಸ್ವಂತ ನಾಟಕ ಕಟ್ಟೋವಾಗ ನನಗೆ ಗೊತ್ತಿದ್ದಿದ್ದು ನಾಟಕ ಮಾತ್ರ, ಅದನ್ನ ಹೊತ್ಕೊಂಡು ಹೋಗೋ ಗಾಡಿ ಬಗ್ಗೆ ಏನೂ ಗೊತ್ತಿರ್ಲಿಲ್ಲ. 13 ಜನ ನಟರು, ಸ್ಟೇಜ್ ಮೇಲೆ ಮೂರು ಲೆವೆಲ್ಲು (ಎತ್ತರದ ಕಟ್ಟೆ), ಒಂದು ಮೆಟ್ಟಿಲು. ಚೆನ್ನಾಗೇ ಬಂತು ಅಂತ ಈಗ್ಲೂ ಹೇಳ್ತೀನಿ. ಎರಡೇ ಶೋ ಆಗಿದ್ದು. 64 ಸಾವಿರ ಲಾಸು, ಅದ್ರಲ್ಲಿ ಅಮ್ಮನ ಚೀಟಿ ದುಡ್ಡೂ ಇತ್ತು.

ಆಮೇಲೆ ಊರೂರಿಗೆ ಫೋನ್ ಮಾಡಿದೆ. ನಾಟಕ ಯಾವ್ದು, ಬರೆದೋರು ಯಾರು ಅಂತ ಯಾರೂ ಮೊದ್ಲು ಕೇಳಲ್ಲ, ಮೊದಲನೇ ಪ್ರಶ್ನೆ "ಎಷ್ಟು ಜನ ಬರ್ತೀರಿ?" ಅವ್ರ ತಪ್ಪಿಲ್ಲ ಬಿಡಿ, ಸಣ್ಣ ಊರಿನ ಸಂಘ ಅಂದ್ರೆ ಒಬ್ರು ಮೇಷ್ಟ್ರು, ಒಬ್ರು ಮೆಡಿಕಲ್ ಸ್ಟೋರ್‌ನೋರು, ಒಬ್ರು ಎಲ್ಐಸಿ ಏಜೆಂಟು ಸೇರ್ಕೊಂಡು ಮಾಡೋದು, 13 ಜನಕ್ಕೆ ಮಲಗೋ ಜಾಗ, ಎರಡು ಹೊತ್ತು ಊಟ, ಟೆಂಪೋ ಬಾಡಿಗೆ ಎಲ್ಲಾ ಲೆಕ್ಕ ಹಾಕಿದ್ರೆ ನಮ್ಮ ಸಂಭಾವನೆಗೆ ಅವ್ರ ಜೇಬಲ್ಲಿ ಏನ್ ಉಳಿಯುತ್ತೆ? ಈಗ "ಮೂರು ಜನ, ಬಸ್ಸಲ್ಲೇ ಬರ್ತೀವಿ, ಯಾರದಾದ್ರೂ ಮನೇಲಿ ಮಲಗ್ತೀವಿ" ಅಂದ್ರೆ ಆ ಕಡೆಯ ದನಿನೇ ಬದಲಾಗುತ್ತೆ.

ಒಂದ್ಸಲ ಬನಶಂಕರಿ ಜಾತ್ರೆಗೆ ಹೋಗಿದ್ದೆ, ಬಾದಾಮಿ ಹತ್ರ. ಬನದ ಹುಣ್ಣಿಮೆಗೆ ಶುರುವಾದ್ರೆ ನಾಟಕ ಕಂಪನಿಗಳ ಟೆಂಟು ಸಾಲಾಗಿ ನಿಂತಿರುತ್ತೆ, ರಾತ್ರಿಯೆಲ್ಲಾ ಶೋ. ಒಂದು ಕಂಪನಿ ಮಾಲೀಕರ ಜೊತೆ ಚಾ ಕುಡೀತಾ ನಮ್ಮ ಸಮಸ್ಯೆ ಹೇಳಿದೆ. "ನೀವು ನಾಟಕ ಬರದು ಆಮ್ಯಾಗ ರೊಕ್ಕ ಹುಡುಕ್ತೀರಿ ತಂಗಿ, ನಾವು ಜಾತ್ರಿ ನೋಡಿ ನಾಟಕ ಹಚ್ತೀವಿ" ಅಂದ್ರು. ಆಗ ಸಿಟ್ಟೇ ಬಂತು. ಅವ್ರು ಆಡೋ ಡಬಲ್ ಮೀನಿಂಗ್ ಡೈಲಾಗು ನನಗೆ ಬೇಡ, ಅದು ಬೇರೆ ಮಾತು. ಆದ್ರೆ ಲೆಕ್ಕ ಇತ್ತಲ್ಲ, ಅದು ಸರಿನೇ. ಗುಬ್ಬಿ ಕಂಪನಿ ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆನೇ ಸ್ಟೇಜಿಗೆ ತಂದಿದ್ರು ಅಂತ ನಾವು ಹೆಮ್ಮೆ ಪಡ್ತೀವಿ, ಆ ಆನೆಗೆ ಮೇವು ಹಾಕೋದು ದಿನದ ಗಲ್ಲಾ ಪೆಟ್ಟಿಗೆ ಅನ್ನೋದು ಮರೀತೀವಿ.

ಹಂಗಾಗಿ ಈಗ ಹೊಸ ನಾಟಕ ಶುರು ಮಾಡೋ ಮುಂಚೆ ಟ್ರಂಕ್ ತೆಗೆದು ನೋಡ್ತೀನಿ. ಅದ್ರಲ್ಲಿ ಏನಿರುತ್ತೆ ಅಂದ್ರೆ ಒಂದು ಇಳಕಲ್ ಸೀರೆ (ಪರದೆ, ಹೊಳೆ, ಹೆಣದ ಮೇಲಿನ ಬಟ್ಟೆ, ಎಲ್ಲಾ ಅದೇ), ಒಂದು ಲಾಟೀನು, ಎರಡು ತಂಬಿಗೆ, ಹಗ್ಗ, ಸೂಜಿದಾರ, ಎರಡು ಎಕ್ಸ್‌ಟೆನ್ಶನ್ ಬಾಕ್ಸು. ಲೈಟಿನ ಪಾಠ ಕಲ್ತಿದ್ದು ಹಿರಿಯೂರು ಕಡೆ ಒಂದು ಹೈಸ್ಕೂಲಲ್ಲಿ. ಸ್ಟೇಜಿಗೆ ಹಾಕೋ ಹಳೇ ಪಾರ್ ಲೈಟು ಒಂದೊಂದೂ 1000 ವಾಟ್, ನಾಲ್ಕು ಬಾಡಿಗೆಗೆ ತಗೊಂಡ್ ಹೋಗಿದ್ದೆ, ಸ್ಕೂಲಿನ ಬೋರ್ಡಲ್ಲಿ ಇರೋದು 5 ಆಂಪ್ ಸಾಕೆಟ್ಟು. ಎರಡನೇ ದೃಶ್ಯಕ್ಕೆ ಫ್ಯೂಸ್ ಹೋಯ್ತು, ಜೊತೆಗೆ ಹೆಡ್ಮಾಸ್ಟರ್ ರೂಮಿನ ಕಂಪ್ಯೂಟರೂ ಆಫ್ ಆಯ್ತು. ತಪ್ಪು ನಂದೇ, ಮೊದ್ಲೇ ಹೋಗಿ ಬೋರ್ಡ್ ನೋಡ್ಬೇಕಿತ್ತು. ಉಳಿದ ನಾಟಕ ಲಾಟೀನಲ್ಲಿ ಮಾಡಿದ್ವಿ. ಆಮೇಲೆ ಎಲ್ಇಡಿ ಪಾರ್ ತಗೊಂಡೆ, ನಾಲ್ಕೂ ಸೇರಿದ್ರೂ ಆ ಹಳೇ ಒಂದು ಲೈಟಿನಷ್ಟು ಕರೆಂಟ್ ಎಳೆಯಲ್ಲ.

ದುಡ್ಡಿಗೂ ಮಳೆಗಾಲ ಬೇಸಿಗೆ ಇದೆ. ಏಪ್ರಿಲ್ ಮೇ ಅಂದ್ರೆ ಮಕ್ಕಳ ಶಿಬಿರ, ನಿಜ ಹೇಳ್ಬೇಕಂದ್ರೆ ವರ್ಷದ ಅರ್ಧ ಬಾಡಿಗೆ ಅಲ್ಲೇ ದುಡಿಯೋದು. ಮಳೆಗಾಲ ತಾಲೀಮಿಗೆ. ಗಣೇಶನ ಹಬ್ಬದಿಂದ ಶೋ ಶುರು, ಫೆಬ್ರವರಿಗೆ ಪರೀಕ್ಷೆ ಬಂತು ಅಂದ್ರೆ ಕಾಲೇಜುಗಳು ಬಾಗಿಲು ಹಾಕ್ಕೊಂಡ್ಹಾಗೆ. ಬೆಂಗಳೂರಲ್ಲಿ ರಂಗಶಂಕರ ನಾಟಕ ಮಂದಿರದಲ್ಲಿ ಡೇಟ್ ಸಿಕ್ಕಿದ್ರೆ ಹೆಸರು ಬರುತ್ತೆ, ಏಳೂವರೆಗೆ ಬಾಗಿಲು ಹಾಕಿದ್ಮೇಲೆ ಯಾರನ್ನೂ ಬಿಡಲ್ವಲ್ಲ, ಆ ಶಿಸ್ತು ನನಗಿಷ್ಟ. ಆದ್ರೆ ನಮ್ಮ ಮನೆ ನಡೆಯೋದು ಹೊಸದುರ್ಗ, ಶಿರಾ, ತುರುವೇಕೆರೆ ಕಡೆಯಿಂದ.

ದುಡ್ಡಿನ ವಿಷಯಕ್ಕೆ ಬಂದ್ರೆ, ಒಂದು ಕಾಲೇಜು ನಮ್ಮ ಸಂಭಾವನೆ ಕೊಡೋಕೆ 14 ತಿಂಗಳು ತಗೊಂಡ್ರು. ಕೊಟ್ಟಾಗ 10% ಟಿಡಿಎಸ್ (ಕೊಡೋವಾಗಲೇ ಮುರ್ಕೊಳ್ಳೋ ಆದಾಯ ತೆರಿಗೆ) ಹಿಡ್ಕೊಂಡಿದ್ರು, ಅದು ನನ್ನ ಪ್ಯಾನ್‌ಗೆ ಹಾಕಿದಾರಾ ಅಂತ ತೆರಿಗೆ ಇಲಾಖೆಯ ಲೆಕ್ಕಪಟ್ಟಿ 26ಎಎಸ್‌ನಲ್ಲಿ ನೋಡಿದ್ರೆ ಇಲ್ಲ. ಮೂರು ಸಲ ಹೋಗಿ ಅಕೌಂಟ್ಸ್ ಸೆಕ್ಷನ್ ಮುಂದೆ ಕೂತೆ. ಟಿಡಿಎಸ್ ಅಂದ್ರೆ ಹೋದ ದುಡ್ಡು ಅಂತ ನಮ್ಮೋರು ಸುಮಾರು ಜನ ಅಂದ್ಕೊಂಡಿದಾರೆ, ರಿಟರ್ನ್ ಹಾಕ್ರಪ್ಪಾ, ನಮ್ಮಂಥ ಆದಾಯಕ್ಕೆ ವಾಪಸ್ ಬರುತ್ತೆ. ಟಿಕೆಟ್ ಇಟ್ಟು ಶೋ ಮಾಡೋರಿಗೂ ಒಂದು ಮಾತು, ನಾಟಕದ ಟಿಕೆಟ್ 500 ರೂಪಾಯಿ ದಾಟದಿದ್ರೆ ಜಿಎಸ್‌ಟಿ ಇಲ್ಲ. ನಮ್ಮದು 150, ಆ ಚಿಂತೆ ಇನ್ನೂ ದೂರ ಇದೆ!

ದೊಡ್ಡ ನಾಟಕ ಬಿಟ್ಬಿಟ್ಟೆ, ರಾಜಿ ಆದೆ ಅಂತ ನನ್ನ ಬ್ಯಾಚಿನ ಗೆಳೆಯ ಒಬ್ಬ ಸಿಕ್ಕಾಗೆಲ್ಲಾ ಹೇಳ್ತಾನೆ. 13 ಜನ ಒಟ್ಟಿಗೆ ಉಸಿರು ಬಿಡೋ ಆ ಕ್ಷಣ ಇಂಥ ಸಣ್ಣ ನಾಟಕದಲ್ಲಿ ಸಿಗಲ್ಲ, ಅದು ನಿಜ, ಒಂದೊಂದು ರಾತ್ರಿ ಅದಕ್ಕೆ ಹೊಟ್ಟೆ ಉರಿಯುತ್ತೆ. ಆದ್ರೆ ಆ ನಾಟಕ ಎರಡು ಶೋಗೆ ಸತ್ತೋಯ್ತು, ಈ ಟ್ರಂಕಿನ ನಾಟಕ ಹೋದ ತಿಂಗಳು 118ನೇ ಶೋ ಆಯ್ತು. 40ನೇ ಶೋ ಆದ್ಮೇಲೇ ನನಗೆ ಅದರ ಕೊನೇ ದೃಶ್ಯ ಅರ್ಥ ಆಗಿದ್ದು, ಅಲ್ಲಿವರೆಗೂ ಸುಮ್ನೆ ಅಳ್ತಿದ್ದೆ ಅಷ್ಟೇ.

ಈಗ ಹೊಸ ನಾಟಕಕ್ಕೆ ಒಂದು ತೊಟ್ಟಿಲು ಬೇಕು. ಸೀರೆ ಜೋಲಿ ಕಟ್ಟಿ ನೋಡಿದ್ವಿ, ಆಗ್ಲಿಲ್ಲ, ಮರದ ಕಿರ್ ಕಿರ್ ಸದ್ದು ಬೇಕೇ ಬೇಕು. ಟ್ರಂಕಿನ ಉದ್ದ ಎರಡೂವರೆ ಅಡಿ. ಬಿಚ್ಚಿ ಜೋಡಿಸೋ ಹಂಗೆ ಮಾಡ್ಕೊಡ್ತೀನಿ, ಆದ್ರೆ ಸದ್ದು ಬರಲ್ಲ ಕಣಮ್ಮ, ಅಂತ ನಮ್ಮ ಬೀದಿ ಆಚಾರ್ರು ಹೇಳಿದಾರೆ. ಸದ್ದು ಬರೋ ಹಂಗೆ ಕೆಟ್ಟದಾಗಿ ಮಾಡ್ಕೊಡಿ ಅಂತ ಅವ್ರನ್ನ ಒಪ್ಸೋದ್ರಲ್ಲೇ ಈ ವಾರ ಹೋಯ್ತು.