ಹಿತುಕಿದ ಬೇಳೆಯ ಲೆಕ್ಕ

ಕಳೆದ ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಹಿರಿಯರು ಬಾಗಿಲು ತಟ್ಟಿದಾಗ ಅವರ ತೋಳಿನಲ್ಲಿ ಮಗುವಿನಷ್ಟು ದೊಡ್ಡ ಸೊಪ್ಪಿನ ಕಟ್ಟೊಂದಿತ್ತು. ಸುರುಳಿ ಸುರುಳಿಯಾದ ಎಲೆಯ ಅಂಚುಗಳಲ್ಲಿ ಹೆಪ್ಪುಗಟ್ಟಿದ ಇಬ್ಬನಿ ಇನ್ನೂ ಬೆಳ್ಳಗೆ ಅಂಟಿಕೊಂಡಿತ್ತು. ರಾತ್ರಿ ಉಷ್ಣಾಂಶ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿಳಿದಿತ್ತಂತೆ. "ಇನ್ನು ತಿನ್ನಬಹುದು, ಸಂಜೆ ಆರಕ್ಕೆ ನೀವೆಲ್ಲ ನಮ್ಮಲ್ಲೇ ಊಟಕ್ಕೆ ಬನ್ನಿ," ಎಂದು ಹೇಳಿ, ಸೊಪ್ಪನ್ನು ಒಮ್ಮೆ ನನಗೆ ತೋರಿಸಿ, ಅವರು ತಮ್ಮ ಮನೆಗೆ ಹೊರಟರು. ಎಪ್ಪತ್ತನಾಲ್ಕು ವರ್ಷದ ಅವರ ಮುಖದಲ್ಲಿ ಆ ಬೆಳಿಗ್ಗೆ ಇದ್ದ ಸಂಭ್ರಮವನ್ನು ನಾನು ಚೆನ್ನಾಗಿ ಬಲ್ಲೆ. ವರ್ಷದ ಮೊದಲ ಸೊಗಡಿನ ಅವರೆಕಾಯಿ ಮನೆಗೆ ತಂದ ದಿನ ನನ್ನ ಅಪ್ಪನ ಮುಖ ಹಾಗೆಯೇ ಇರುತ್ತಿತ್ತು.

ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ ಊರಿನಲ್ಲಿ ನಾವಿರುವುದು ಇದು ಹನ್ನೊಂದನೆಯ ಚಳಿಗಾಲ. ಇಲ್ಲಿ ಬೂರೆನ್‌ಕೋಲ್ ಎಂದು ಕರೆಯುವ ಈ ಸೊಪ್ಪು ಎಲೆಕೋಸಿನ ಜಾತಿಗೆ ಸೇರಿದ್ದು. ಈಗೀಗ ಬೆಂಗಳೂರಿನ ಅಂಗಡಿಗಳಲ್ಲೂ ಕೇಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಇಲ್ಲಿನ ಸೂಪರ್‌ಮಾರ್ಕೆಟ್ಟುಗಳಲ್ಲಿ ತೊಳೆದು, ಸಣ್ಣಗೆ ಹೆಚ್ಚಿ, ಚೀಲದಲ್ಲಿ ತುಂಬಿದ ಬೂರೆನ್‌ಕೋಲ್ ಚಳಿ ಆರಂಭವಾಗುವುದಕ್ಕೆ ಎಷ್ಟೋ ಮೊದಲೇ ಬಂದಿರುತ್ತದೆ. ಆದರೆ ನಮ್ಮ ಪಕ್ಕದ ಮನೆಯವರು ಅದನ್ನು ಮುಟ್ಟುವುದಿಲ್ಲ. ಊರಿನಂಚಿನಲ್ಲಿ ಬಾಡಿಗೆಗೆ ಹಿಡಿದ ತುಂಡು ತೋಟದಲ್ಲಿ ತಾವೇ ಬೆಳೆದು, ಅದರ ಮೇಲೆ ಹಿಮಗಟ್ಟುವ ರಾತ್ರಿಯೊಂದು ಹಾದುಹೋಗುವವರೆಗೆ ಕಾಯುತ್ತಾರೆ. ಹಳಬರೆಲ್ಲ ಹೇಳುವ ಈ ಮಾತಿನಲ್ಲಿ ಹುರುಳಿದೆ. ಚಳಿ ತೀವ್ರವಾದಾಗ ಗಿಡವು ಎಲೆಗಳಲ್ಲಿ ಸಕ್ಕರೆಯ ಅಂಶವನ್ನು ಹೆಚ್ಚಿಸಿಕೊಂಡು ಹೆಪ್ಪುಗಟ್ಟದಂತೆ ತನ್ನನ್ನು ಕಾಪಾಡಿಕೊಳ್ಳುತ್ತದೆ. ಅದರಿಂದ ಸೊಪ್ಪಿನ ಕಹಿ ತಗ್ಗಿ, ಸಣ್ಣ ಸಿಹಿಯೊಂದು ಬರುತ್ತದೆ. ಹಿಮಗಟ್ಟುವ ರಾತ್ರಿಗಳೇ ಈಗ ಕಡಿಮೆಯಾಗುತ್ತಿವೆ ಎಂಬುದು ಅವರ ಕೊರಗು. ಕಾಲುವೆಗಳು ಹೆಪ್ಪುಗಟ್ಟಿದರೆ ಮಾತ್ರ ನಡೆಯುವ, ಹನ್ನೊಂದು ಊರುಗಳನ್ನು ಸುತ್ತುವ ಸ್ಕೇಟಿಂಗ್ ಪಂದ್ಯ ಕೊನೆಯ ಬಾರಿ ನಡೆದದ್ದು 1997ರ ಜನವರಿಯಲ್ಲಿ ಎಂದು ಅವರು ಪ್ರತಿ ಚಳಿಗಾಲದಲ್ಲೂ ಒಮ್ಮೆಯಾದರೂ ನೆನಪಿಸುತ್ತಾರೆ.

ಕೋಲಾರದ ಕಡೆಯ ನಮಗೆ ಈ ಕಾಯುವಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಅವರೆಗೆ ಇಬ್ಬನಿ ಬೀಳದೆ ಸೊಗಡು ಬರುವುದಿಲ್ಲವೆಂದು ಕೇಳುತ್ತಲೇ ಬೆಳೆದವರು ನಾವು. ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ನಾಟಿ ಅವರೆಯನ್ನು ರಾಗಿ ಹೊಲದ ಅಕ್ಕಡಿಯಲ್ಲಿ ಬಿತ್ತುತ್ತಿದ್ದರು. ರಾಗಿ ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಉಳಿದ ಅವರೆ ಬಳ್ಳಿಗಳ ನಡುವೆ ಹೊತ್ತು ಹುಟ್ಟುವ ಮೊದಲು ನಡೆದು ಬಂದರೆ ಮೊಣಕಾಲಿನವರೆಗೆ ಬಟ್ಟೆ ನೆನೆದು, ಕಾಯಿಯ ಮೇಲಿನ ಅಂಟುಜಿಡ್ಡಿನ ಘಮ ಮೈಗೆಲ್ಲ ಹತ್ತಿಕೊಂಡಿರುತ್ತಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಹೆಬ್ಬಾಳ ಅವರೆಯ ತಳಿಗಳು ಹಗಲಿನ ಉದ್ದಕ್ಕೆ ಕಟ್ಟುಬೀಳದೆ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತವೆ. ಅವುಗಳಿಂದ ರೈತರಿಗೆ ಅನುಕೂಲವಾಗಿದೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಜೂನ್ ತಿಂಗಳಲ್ಲಿ ಊರಿಗೆ ಹೋದಾಗ ಕಣ್ಣಿಗೆ ಬೀಳುವ ಅವರೆಕಾಯಿಯನ್ನು ಅಪ್ಪ ಮೂಸಿ ನೋಡಿ ಹಾಗೆಯೇ ರಾಶಿಗೆ ಹಾಕುವುದನ್ನು ಕಂಡಿದ್ದೇನೆ.

ಆ ಶನಿವಾರ ಮಧ್ಯಾಹ್ನವೆಲ್ಲ ಒಂಬತ್ತು ವರ್ಷದ ನನ್ನ ಮಗ ಪಕ್ಕದ ಮನೆಯಲ್ಲೇ ಇದ್ದ. ಅವರನ್ನು ಅವನು ಓಪಾ ಎಂದೂ, ಅವರ ಹೆಂಡತಿಯನ್ನು ಓಮಾ ಎಂದೂ, ಎಂದರೆ ಅಜ್ಜ ಅಜ್ಜಿ ಎಂದೇ ಕರೆಯುತ್ತಾನೆ. ಓಪಾ ಸೊಪ್ಪಿನ ಗಟ್ಟಿ ದಂಟುಗಳಿಂದ ಎಲೆಯನ್ನು ಎಳೆದು ಬಿಡಿಸಿ, ಮೂರು ನೀರಿನಲ್ಲಿ ತೊಳೆದು, ಎರಡು ಕಿಲೋ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಾಗ ಇವನೂ ಒಂದು ಸಿಪ್ಪೆಗತ್ತಿ ಹಿಡಿದು ಎದುರಿಗೆ ಕುಳಿತಿದ್ದನಂತೆ. ಮೂರು ಗಂಟೆಗೆ ಅವನು ಮನೆಗೆ ಓಡಿ ಬಂದಾಗ ನಾನು ಅಮ್ಮನಿಗೆ ವೀಡಿಯೊ ಕರೆ ಮಾಡಿದ್ದೆ. ಊರಿನಲ್ಲಿ ಆಗ ಸಂಜೆ ಏಳೂವರೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಮಣೆಯ ಮೇಲೆ ಕುಳಿತು, ಬೆಳಿಗ್ಗೆ ನೆನೆಹಾಕಿದ ಅವರೆಕಾಳನ್ನು ಬೋಗುಣಿಯಿಂದ ತೆಗೆತೆಗೆದು ಹಿತುಕುತ್ತಿದ್ದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕಾಳು ಒತ್ತಿದಂತೆಲ್ಲ ಬೇಳೆ ಪುಟಿದು ತಟ್ಟೆಗೆ ಬೀಳುತ್ತಿತ್ತು, ಸಿಪ್ಪೆ ಅವರ ಕೈಯಲ್ಲಿ ಉಳಿಯುತ್ತಿತ್ತು. ಮಾತನಾಡುತ್ತಿದ್ದಾಗಲೂ ಅವರ ಬೆರಳು ನಿಲ್ಲಲಿಲ್ಲ.

ಮಗ ಸ್ವಲ್ಪ ಹೊತ್ತು ನೋಡಿದ. "ಅಜ್ಜಿ, ಅಷ್ಟೂ ನೀವೊಬ್ಬರೇ ಮಾಡ್ಬೇಕಾ?" ಎಂದ.

"ಇಷ್ಟೇ ಅಲ್ವಾ ಕಂದಾ, ಆಗೋಯ್ತು," ಎಂದರು ಅಮ್ಮ.

"ತಾತ ಏನ್ಮಾಡ್ತಿದ್ದಾರೆ?"

ತಾತ ಹಜಾರದಲ್ಲಿ ಕುಳಿತು ವಾರ್ತೆ ನೋಡುತ್ತಿದ್ದರು. ಅದನ್ನೂ ಅಮ್ಮ ಹೇಳಿದರು. "ಅವರ್ಯಾಕೆ ಹಿತುಕಲ್ಲ?" ಎಂಬುದು ಅವನ ಮುಂದಿನ ಪ್ರಶ್ನೆ. ಅಮ್ಮ ನಕ್ಕು, "ಅವರಿಗೆ ಇದೆಲ್ಲ ಬರಲ್ಲ ಕಣಪ್ಪಾ," ಎಂದರು. ಅವನು ವಾದಕ್ಕೆ ಹೇಳಿದ್ದಲ್ಲ, ತಾನು ಅರ್ಧ ಗಂಟೆಯ ಹಿಂದೆ ಕೇಳಿ ತಿಳಿದದ್ದನ್ನು ತಿಳಿದ ಹಾಗೆಯೇ ಹೇಳಿದ: "ಓಪಾಗೂ ಮೊದ್ಲು ಬರ್ತಿರಲಿಲ್ಲವಂತೆ ಅಜ್ಜಿ. ಆಮೇಲೆ ಕಲಿತ್ರಂತೆ."

ಅಮ್ಮನ ಬೆರಳು ಆಗ ಒಂದು ಕ್ಷಣ ನಿಂತಿತು. ಆಮೇಲೆ ಅವರು, ಅಲ್ಲಿ ಚಳಿ ಹೇಗಿದೆ, ಕಿವಿಗೆ ಟೋಪಿ ಹಾಕಿಕೊಳ್ಳುತ್ತೀಯಾ ಎಂದು ಕೇಳಿದರು.

ಹುಡುಗನ ಮಾತು ಅಪ್ಪನ ಕುರಿತದ್ದಾದರೂ ನೆಟ್ಟದ್ದು ನನಗೆ. ನನ್ನ ಬಾಲ್ಯದ ಮನೆಯಲ್ಲಿ ಒಂಬತ್ತು ಜನರಿದ್ದರು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ವಾರಕ್ಕೆ ಮೂರು ಬಾರಿಯಾದರೂ ಹಿತುಕಿದ ಬೇಳೆಯ ಸಾರು ಆಗಬೇಕು. ಕಾಯಿ ಬಿಡಿಸುವುದಕ್ಕೆ ಮಕ್ಕಳಾದ ನಾವೂ ಕೂರುತ್ತಿದ್ದೆವು, ಹುಳು ಕಂಡರೆ ಕೂಗುವುದೇ ನಮಗೊಂದು ಆಟ. ಹಿತುಕುವ ಕೆಲಸ ಮಾತ್ರ ಅಜ್ಜಿ, ಅಮ್ಮ, ಚಿಕ್ಕಮ್ಮ ಈ ಮೂವರದೇ. ನೀರಿನಲ್ಲಿ ನೆನೆದು ನೆನೆದು ಅವರ ಬೆರಳ ತುದಿಗಳು ಸುಕ್ಕುಗಟ್ಟಿ, ಉಗುರಿನ ಸಂದಿ ಉರಿಯುತ್ತಿತ್ತು. ಆ ಮೇಲೆ ಕೊಬ್ಬರಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಚೂರು ಚಕ್ಕೆ, ಎರಡು ಲವಂಗ, ಗಸಗಸೆ ಎಲ್ಲವನ್ನೂ ಒರಳಿನಲ್ಲಿ ರುಬ್ಬಬೇಕು. ಬೇಳೆ ಕರಗದಂತೆ, ಆದರೆ ಬಾಯಿಗಿಟ್ಟರೆ ಬೆಣ್ಣೆಯಾಗುವಂತೆ ಬೇಯಿಸಬೇಕು. ಮುದ್ದೆ ಕಟ್ಟಬೇಕು. ಗಂಡಸರೂ ಮಕ್ಕಳೂ ಒಲೆಯ ಬಿಸಿ ಆರದ ಸಾರಿನಲ್ಲಿ ಉಂಡೆದ್ದ ಮೇಲೆ ಆ ಮೂವರು ಕೂರುತ್ತಿದ್ದರು. ಪಾತ್ರೆಯ ತಳದಲ್ಲಿ ಆಗ ರಸ ಇರುತ್ತಿತ್ತು, ಬೇಳೆ ಇರುತ್ತಿರಲಿಲ್ಲ. ಇದನ್ನು ನಾನು ಅಂದೇ ಕಂಡಿದ್ದೆ. ಕಂಡೂ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದೆ.

ಅಪ್ಪ ಸುಮ್ಮನೆ ಕೂತವರಲ್ಲ ಎಂಬುದನ್ನೂ ಹೇಳಬೇಕು. ನಸುಕಿನ ಚಳಿಯಲ್ಲಿ ಬರಿಗಾಲಿನಲ್ಲಿ ಹೊಲಕ್ಕೆ ಹೋಗಿ, ಬಲಿತ ಕಾಯನ್ನು ಮೂಸಿ ಆರಿಸಿ, ಹೆಗಲ ಮೇಲೆ ಮೂಟೆ ಹೊತ್ತು ತರುತ್ತಿದ್ದವರು ಅವರೇ. ಹೊಲದ ಕೆಲಸ ಹೊತ್ತು ಮುಳುಗಿದಾಗ ಮುಗಿಯುತ್ತಿತ್ತು. ಅಡುಗೆಮನೆಯದು ಆಗ ಶುರುವಾಗುತ್ತಿತ್ತು. ಈಗ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟಾಗಿದೆ, ಅಪ್ಪನಿಗೆ ಬಿಡುವಿದೆ. ಅಮ್ಮನಿಗೆ ಎಪ್ಪತ್ತಾದರೂ ಅವರ ಮಣೆ ಇದ್ದಲ್ಲೇ ಇದೆ.

ಇನ್ನು ನನ್ನ ವಿಷಯ. ಇಲ್ಲಿ ನಾನೂ ನನ್ನ ಹೆಂಡತಿಯೂ ದುಡಿಯುತ್ತೇವೆ, ವಾರದಲ್ಲಿ ಅರ್ಧ ದಿನಗಳ ಅಡುಗೆ ನನ್ನದೇ. ಅನ್ನ, ಸಾರು, ಪಲ್ಯ, ಚಪಾತಿ ಎಲ್ಲ ಮಾಡುತ್ತೇನೆ, ಪಾತ್ರೆ ತೊಳೆಯುತ್ತೇನೆ. ಅದರ ಬಗ್ಗೆ ಒಳಗೊಳಗೆ ಅಭಿಮಾನವೂ ಇದೆ. ಆದರೆ ಎರಡು ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಊರಿಗೆ ಹೋದಾಗ ನಾನು ಅಪ್ಪನ ಪಕ್ಕದಲ್ಲಿ ಹಜಾರದ ಕುರ್ಚಿಯಲ್ಲಿ ಕೂರುತ್ತೇನೆ. ನನ್ನ ಹೆಂಡತಿ ಅಮ್ಮನ ಪಕ್ಕದಲ್ಲಿ ಮಣೆಯ ಮೇಲೆ ಕೂರುತ್ತಾಳೆ. ಯಾರೂ ಹಾಗೆ ಹೇಳುವುದಿಲ್ಲ, ವಿಮಾನ ಇಳಿದ ಮೇಲೆ ಅದು ತಾನಾಗಿಯೇ ಆಗುತ್ತದೆ. ಹೋದ ಸಲ ರಜೆಯ ಮೂರು ವಾರಗಳಲ್ಲಿ ಒಂದು ಲೋಟವನ್ನಾದರೂ ನಾನು ತೊಳೆದೆನೇ ಎಂದು ಆ ಮಧ್ಯಾಹ್ನ ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ. ಮಗ ಅದನ್ನೆಲ್ಲ ನೋಡಿದ್ದಾನೆ.

ಸಂಜೆ ಆರಕ್ಕೆ ಹೋದೆವು. ಹೊರಗೆ ಸೂರ್ಯ ಮುಳುಗಿ ಒಂದೂವರೆ ಗಂಟೆಯಾಗಿತ್ತು. ಆಲೂಗಡ್ಡೆಯ ಮೇಲೆ ಸೊಪ್ಪು ಹೇರಿ ಒಂದೇ ಪಾತ್ರೆಯಲ್ಲಿ ಬೇಯಿಸಿ, ನೀರು ಬಸಿದು, ಬೆಣ್ಣೆ, ಬಿಸಿ ಹಾಲು, ಮೆಣಸು ಹಾಕಿ ಮಸೆದ ಆ ತಿನಿಸಿಗೆ ಸ್ಟಾಂಪೊಟ್ ಎನ್ನುತ್ತಾರೆ. ಚಳಿಗಾಲದಲ್ಲಿ ಈ ದೇಶದ ಅಡುಗೆಮನೆಗಳಲ್ಲಿ ಇದು, ಇಲ್ಲವೇ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾದ ಬಟಾಣಿ ಬೇಳೆಯ ಸೂಪು ಆಗುತ್ತಲೇ ಇರುತ್ತದೆ. ಅದರೊಡನೆ ಹೊಗೆಯಲ್ಲಿ ಹದಮಾಡಿದ ಸಾಸೇಜು ಇರಲೇಬೇಕೆಂಬುದು ರೂಢಿ. ಹಂದಿ ಮಾಂಸ ತಿನ್ನದ ನಮಗಾಗಿ ಅದನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಬೆಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿಯ ರಸವನ್ನೂ ಬೇರೆಯಾಗಿ ಮಾಡಿದ್ದರು. ತಟ್ಟೆಯಲ್ಲಿ ಸ್ಟಾಂಪೊಟ್ ಗುಡ್ಡೆ ಹಾಕಿ, ನಡುವೆ ಚಮಚದಿಂದ ಸಣ್ಣ ಗುಳಿ ಮಾಡಿ, ರಸವನ್ನು ಅದರೊಳಗೆ ಹುಯ್ದುಕೊಳ್ಳಬೇಕು. ಅನ್ನದ ನಡುವೆ ಗುಳಿ ತೋಡಿ ಸಾರು ಹುಯ್ಯಿಸಿಕೊಂಡು, ಕಟ್ಟೆ ಒಡೆಯದಂತೆ ಅಂಚಿನಿಂದ ಉಣ್ಣುತ್ತಿದ್ದ ನನಗೆ ಆ ಗುಳಿ ಮಾಡುವಾಗಲೆಲ್ಲ ಗಂಟಲು ಕಟ್ಟುತ್ತದೆ.

ಓಮಾ ನನ್ನ ಮಗನ ಕೆಲಸವನ್ನು ಹೊಗಳಿದರು. ಸಿಪ್ಪೆಯನ್ನು ತೆಳ್ಳಗೆ ತೆಗೆಯಲು ಅವನು ಬೇಗ ಕಲಿತನಂತೆ. ಅವರ ತಾಯಿ ಲೈಡನ್ ಊರಿನವರು. 1944-45ರ ಹಸಿವಿನ ಚಳಿಗಾಲದಲ್ಲಿ, ಜರ್ಮನ್ ಸೇನೆಯ ವಶದಲ್ಲಿದ್ದ ಪಶ್ಚಿಮದ ಊರುಗಳಿಗೆ ಆಹಾರ ಬಾರದೆ ಜನರು ಟ್ಯುಲಿಪ್ ಗಡ್ಡೆಗಳನ್ನು ಬೇಯಿಸಿ ತಿಂದಾಗ, ಆಕೆಯೂ ತಿಂದಿದ್ದರು. ದಪ್ಪ ಸಿಪ್ಪೆ ಕಂಡರೆ ಆ ತಾಯಿ ಕೊನೆಯವರೆಗೂ ಸಹಿಸುತ್ತಿರಲಿಲ್ಲವಂತೆ. ಮಧ್ಯಾಹ್ನದ ಮಾತನ್ನು ನನ್ನ ಹೆಂಡತಿ ಅವರಿಗೆ ಹೇಳಿದಾಗ ಓಮಾ ನಗಲಿಲ್ಲ. "ನನ್ನ ಅಪ್ಪ ಒಂದು ದಿನವೂ ಸಿಪ್ಪೆಗತ್ತಿ ಹಿಡಿದವರಲ್ಲ," ಎಂದರು. 1956ರಲ್ಲಿ ಕಾನೂನು ಬದಲಾಗುವವರೆಗೆ ಈ ದೇಶದಲ್ಲಿ ಮದುವೆಯಾದ ಹೆಣ್ಣು ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕಿನಲ್ಲಿ ಖಾತೆ ತೆರೆಯುವಂತಿರಲಿಲ್ಲ ಎಂಬುದನ್ನು ನಾನು ಕೇಳಿದ್ದು ಅವರಿಂದಲೇ. ಓಪಾ ಅಡುಗೆ ಕಲಿತದ್ದು ನಲವತ್ತು ದಾಟಿದ ಮೇಲೆ, ಓಮಾ ಮತ್ತೆ ಕೆಲಸಕ್ಕೆ ಸೇರಿದ ಚಳಿಗಾಲದಲ್ಲಿ. ಮೊದಲ ತಿಂಗಳೆಲ್ಲ ಹಸಿ ಆಲೂಗಡ್ಡೆ ತಿಂದೆವು ಎಂದು ಅವರು ಹೇಳುತ್ತಿದ್ದಾಗ ಓಪಾ ಎದ್ದು ನನ್ನ ಮಗನ ತಟ್ಟೆಗೆ ಇನ್ನೊಂದು ಚಮಚ ಬಡಿಸುತ್ತಿದ್ದರು.

ಮರುದಿನ ನಾನು ಭಾರತದ ಸಾಮಾನಿನ ಅಂಗಡಿಯಿಂದ ಹೆಪ್ಪುಗಟ್ಟಿಸಿದ ಸುರ್ತಿ ಪಾಪ್ಡಿ ಲಿಲ್ವಾದ ಎರಡು ಪೊಟ್ಟಣ ತಂದೆ. ಗುಜರಾತಿಗಳು ಹಾಗೆನ್ನುವುದು ನಮ್ಮ ಅವರೆಯ ಜಾತಿಯ ಕಾಳನ್ನೇ. ಸೊಗಡಿಲ್ಲ, ಆದರೆ ರುಚಿ ದೂರದ್ದಲ್ಲ. ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ ನಾನೂ ಮಗನೂ ಊಟದ ಮೇಜಿಗೆ ಕೂತೆವು. ಮೊದಮೊದಲು ನನ್ನ ಉಗುರು ತಾಗಿ ಬೇಳೆ ಎರಡಾಗುತ್ತಿತ್ತು. ಅವನದು ಪುಟಿದು ನೆಲಕ್ಕೆ ಬೀಳುತ್ತಿತ್ತು. ನಾಲ್ಕು ಜನರಿಗೂ ಸಾಲದಷ್ಟು ಬೇಳೆಗೆ ಇಬ್ಬರಿಗೂ ಸೇರಿ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ನನ್ನ ಬೆರಳ ತುದಿಗಳು ಸುಕ್ಕಾಗಿದ್ದವು.

ಅದೇ ಕೈಯಲ್ಲಿ ಅಮ್ಮನಿಗೆ ಕರೆ ಮಾಡಿ, ಆಗ ಒಂಬತ್ತು ಜನಕ್ಕೆ ಒಂದು ಹೊತ್ತಿಗೆ ಎಷ್ಟು ಸೇರು ಕಾಳು ಹಿತುಕುತ್ತಿದ್ದಿರಿ, ಎಷ್ಟು ಹೊತ್ತಾಗುತ್ತಿತ್ತು ಎಂದು ಕೇಳಿದೆ. ಅಮ್ಮ ಸ್ವಲ್ಪ ಯೋಚಿಸಿದರು.

"ಅದಕ್ಕೆಲ್ಲ ಯಾರಪ್ಪಾ ಲೆಕ್ಕ ಇಟ್ಟಿದ್ರು?" ಎಂದರು. "ಕೊಬ್ಬರಿ ಜಾಸ್ತಿ ಹಾಕ್ಬೇಡ, ಬೇಳೆ ರುಚಿ ಹೋಗ್ತದೆ."