ಮನೆ ರೂಟರಿಗೆ ಎನ್‌ಕ್ರಿಪ್ಷನ್: ಅಪ್ಪನ ಲ್ಯಾಪ್‌ಟಾಪ್ ಬಿಟ್ಟು ಉಳಿದದ್ದೆಲ್ಲ ಆಯ್ತು

ಶನಿವಾರ ಬೆಳಿಗ್ಗೆ

ಬ್ರೌಸರಿನಲ್ಲಿ 192.168.1.1 ಹೊಡೆದು ರೂಟರ್ ಒಳಗೆ ಹೋದೆ. ಅಡ್ಮಿನ್ ಪಾಸ್‌ವರ್ಡ್ ಡಬ್ಬದ ಮೇಲೆ ಅಚ್ಚಾಗಿದ್ದದ್ದೇ ಇತ್ತು. ಮೊದಲು ಅದನ್ನು ಬದಲಾಯಿಸಿದೆ. ವೈರ್‌ಲೆಸ್ ಸೆಕ್ಯುರಿಟಿ ಪುಟದಲ್ಲಿ 'ಡಬ್ಲ್ಯುಪಿಎ/ಡಬ್ಲ್ಯುಪಿಎ2 ಮಿಕ್ಸೆಡ್, ಟಿಕೆಐಪಿ+ಎಇಎಸ್' ಅಂತ ಇತ್ತು. ಡಬ್ಲ್ಯುಪಿಎ, ಡಬ್ಲ್ಯುಪಿಎ2 ಅಂದರೆ ವೈಫೈಗೆ ಹಾಕುವ ಹಳೇ ಬೀಗ, ಹೊಸ ಬೀಗ. ಟಿಕೆಐಪಿ, ಎಇಎಸ್ ಅಂದರೆ ಅದರೊಳಗೆ ಡೇಟಾವನ್ನು ಗುಟ್ಟಾಗಿಸುವ ವಿಧಾನಗಳು. ಪಾಸ್‌ವರ್ಡ್ ಜಾಗದಲ್ಲಿ ಅಪ್ಪನ ಮೊಬೈಲ್ ನಂಬರ್. ಕನೆಕ್ಷನ್ ಕೊಡಲು ಬಂದ ಹುಡುಗ ಹಾಕಿಕೊಟ್ಟು ಹೋಗಿದ್ದು. ನಮ್ಮ ಕುವೆಂಪುನಗರದಲ್ಲಿ ಹೀಗೇ ಇರುವ ಮನೆಗಳು ಇನ್ನೂ ಎಷ್ಟಿವೆಯೋ.

ಮೊಬೈಲ್ ನಂಬರ್ ಅಂದರೆ ಹತ್ತು ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಒಟ್ಟು 400 ಕೋಟಿ ಸಾಧ್ಯತೆ. ಕೇಳೋಕೆ ಜಾಸ್ತಿ ಅನಿಸುತ್ತದೆ ಅಲ್ವಾ? ಆದರೆ ಡಬ್ಲ್ಯುಪಿಎ2ನಲ್ಲಿ ಫೋನು ರೂಟರಿಗೆ ಸೇರುವಾಗ ನಡೆಯುವ ಹ್ಯಾಂಡ್‌ಶೇಕನ್ನು (ಪಾಸ್‌ವರ್ಡ್ ಸರಿಯಿದೆಯೇ ಅಂತ ಎರಡೂ ಖಾತ್ರಿ ಮಾಡಿಕೊಳ್ಳುವ ಮಾತುಕತೆಯನ್ನು) ರಸ್ತೆಯಲ್ಲಿ ನಿಂತವರೂ ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ಮನೆಗೆ ಹೋಗಿ ಆರಾಮಾಗಿ ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡಬಹುದು. ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ 5 ಲಕ್ಷ ಸಲ ಹಾಕಿ ನೋಡುತ್ತದೆ ಅಂತಿಟ್ಟುಕೊಳ್ಳಿ, ಎರಡೂಕಾಲು ಗಂಟೆಯೊಳಗೆ 400 ಕೋಟಿಯೂ ಮುಗಿಯಿತು. ನಮ್ಮ ಮನೆಗಾದರೆ ಅಷ್ಟು ಕಷ್ಟವೂ ಬೇಡ. ಅಪ್ಪನ ನಂಬರು ಗೇಟಿಗೆ ಕಟ್ಟಿದ 'ಮನೆ ಬಾಡಿಗೆಗಿದೆ' ಬೋರ್ಡಿನಲ್ಲೇ ಇದೆ.

ಹೊಸ ಪಾಸ್‌ವರ್ಡಿಗೆ ನಿಘಂಟು ತೆಗೆದು, ಕಣ್ಣು ಮುಚ್ಚಿ ಪುಟ ತಿರುವಿ ಒಂದಕ್ಕೊಂದು ಸಂಬಂಧವೇ ಇಲ್ಲದ ಪದಗಳನ್ನು ಆರಿಸಿದೆ. 8ರಿಂದ 63 ಅಕ್ಷರ ಹಿಡಿಸುತ್ತದೆ, ಅದೂ ಇಂಗ್ಲಿಷ್ ಅಕ್ಷರದಲ್ಲೇ. ಹಾಗಾಗಿ ಅಮ್ಮನೂ ನಾನೂ ಒಂದೇ ಥರ ಸ್ಪೆಲ್ಲಿಂಗ್ ಹೊಡೆಯುವಂಥ ಪದಗಳನ್ನಷ್ಟೇ ಇಟ್ಟುಕೊಂಡೆ. ಚೀಟಿಯಲ್ಲಿ ಬರೆದು ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಬರೆದಿಡಬಾರದು ಅನ್ನುವವರಿದ್ದಾರೆ. ವೈಫೈ ಕದಿಯುವವನು ಬೀದಿಯಲ್ಲಿರುತ್ತಾನೆ, ನಮ್ಮ ಸಾಂಬಾರ್ ಪುಡಿ ಡಬ್ಬದ ಪಕ್ಕದಲ್ಲಲ್ಲ.

ನೆಟ್‌ವರ್ಕಿನ ಹೆಸರನ್ನೂ ಬದಲಾಯಿಸಿದೆ. ಪಾಸ್‌ವರ್ಡನ್ನು ಹೆಸರಿನ ಜೊತೆ ಸೇರಿಸಿ 4096 ಸಲ ಅರೆದು ಕೀ ತಯಾರಾಗುತ್ತದೆ. ಎಲ್ಲರ ಮನೆಯಲ್ಲೂ ಇರುವ ಹೆಸರುಗಳಿಗೆ ಮೊದಲೇ ಲೆಕ್ಕ ಮಾಡಿಟ್ಟ ಕೀಗಳ ಪಟ್ಟಿಗಳು ಸಿಗುತ್ತವೆ. ಪಾಸ್‌ವರ್ಡ್ ಹೊಡೆಯದೆ ಬಟನ್ ಒತ್ತಿ ಅಥವಾ ಪಿನ್ ಹಾಕಿ ಸೇರಿಕೊಳ್ಳುವ ಡಬ್ಲ್ಯುಪಿಎಸ್ ಸೌಲಭ್ಯ ಆಫ್. ಅದರ 8 ಅಂಕಿಯ ಪಿನ್ ಅನ್ನು ರೂಟರ್ ಎರಡು ತುಂಡು ಮಾಡಿ ನೋಡುತ್ತದೆ, ಹೆಚ್ಚೆಂದರೆ 11,000 ಸಲ ಹಾಕಿ ನೋಡಿದರೆ ಸಿಕ್ಕೇಬಿಡುತ್ತದೆ ಅಂತ 2011ರಲ್ಲೇ ಬಯಲಾಗಿತ್ತು.

ಮಧ್ಯಾಹ್ನ

ಈಗ ಆ 'ಮಿಕ್ಸೆಡ್'. 2001ರ ಹೊತ್ತಿಗೆ ವೈಫೈಯ ಮೊದಲ ಬೀಗವಾದ ಹಳೆಯ ಡಬ್ಲ್ಯುಇಪಿ ಪೂರ್ತಿ ಬಿದ್ದುಹೋಗಿತ್ತು. ಆಗಿನ ಹಾರ್ಡ್‌ವೇರನ್ನು ಎಸೆಯದೆ ಹೇಗೋ ನಡೆಸಲು 2003ರಲ್ಲಿ ತಂದ ತೇಪೆ ಟಿಕೆಐಪಿ. ಮರುವರ್ಷವೇ ಡಬ್ಲ್ಯುಪಿಎ2 ಜೊತೆ ಎಇಎಸ್ ಬಂತು. ಮಿಕ್ಸೆಡ್ ಇಟ್ಟರೆ ಎಲ್ಲರಿಗೂ ಒಟ್ಟಿಗೆ ಹೋಗುವ ಬ್ರಾಡ್‌ಕಾಸ್ಟ್ ಟಿಕೆಐಪಿಯಲ್ಲೇ ಹೋಗಬೇಕು. ಹೊಸ ಫೋನು ಇದ್ದವರೂ ಆ ಮಟ್ಟಕ್ಕೆ ಇಳಿದಂತೆಯೇ.

ಯಾರಿಗೋಸ್ಕರ ಇದು ಅಂತ ಕನೆಕ್ಟ್ ಆದವರ ಪಟ್ಟಿ ನೋಡಿದರೆ ಸಿಕ್ಕಿದ್ದು ಅಪ್ಪನ ವಿಂಡೋಸ್ ಎಕ್ಸ್‌ಪಿ ಲ್ಯಾಪ್‌ಟಾಪ್. ಸರ್ವಿಸ್ ಪ್ಯಾಕ್ 2ರಲ್ಲೇ ನಿಂತಿದೆ, ಬೇರೆ ಅಪ್‌ಡೇಟ್ ಹಾಕದಿದ್ದರೆ ಅದಕ್ಕೆ ಡಬ್ಲ್ಯುಪಿಎ2 ಗೊತ್ತಿಲ್ಲ. ಬಾಡಿಗೆ ಲೆಕ್ಕ ಬರೆದು ಪ್ರಿಂಟ್ ತೆಗೆಯಲು ಮಾತ್ರ ಬಳಸುತ್ತಾರೆ.

"ಇಷ್ಟು ದಿನ ಚೆನ್ನಾಗೇ ಇತ್ತಲ್ಲಪ್ಪ, ಸುಮ್ನೆ ಯಾಕೆ ಕೆದಕ್ತೀಯ?" ಅಂದರು.

"ನಿಮ್ಮ ಲೆಕ್ಕ ಎಲ್ಲೂ ಹೋಗಲ್ಲ ಅಪ್ಪ. ಅದಕ್ಕೆ ವೈರ್ ಹಾಕ್ಕೊಡ್ತೀನಿ."

ಡಬ್ಲ್ಯುಪಿಎ2, ಎಇಎಸ್ ಮಾತ್ರ ಅಂತ ಸೇವ್ ಮಾಡಿದೆ. ಲ್ಯಾಪ್‌ಟಾಪ್ ಪಟ್ಟಿಯಿಂದ ಹೋಯಿತು. ಅದಕ್ಕೆ ಇಂಟರ್ನೆಟ್ ಹೋಗದಂತೆ ರೂಟರಿನಲ್ಲೇ ತಡೆ ಹಾಕಿದ್ದೇನೆ. 2014ರಿಂದ ಸೆಕ್ಯುರಿಟಿ ಅಪ್‌ಡೇಟ್ ನಿಂತಿರುವ ಎಕ್ಸ್‌ಪಿಯನ್ನು ನೆಟ್‌ಗೆ ಬಿಡುವುದು ನನಗೆ ಸರಿ ಕಾಣಲಿಲ್ಲ.

ಭಾನುವಾರ

ರೂಟರಿನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ ಸೆಕ್ಯುರಿಟಿ ಆಯ್ಕೆಗಳ ಪಟ್ಟಿಯಲ್ಲಿ ಡಬ್ಲ್ಯುಪಿಎ3 ಕಾಣಿಸಿತು. 2018ರಲ್ಲಿ ಬಂದದ್ದು. ಇದರಲ್ಲಿ ಹ್ಯಾಂಡ್‌ಶೇಕ್ ಹಿಡಿದುಕೊಂಡು ಹೋಗಿ ಪ್ರಯೋಜನವಿಲ್ಲ. ಪ್ರತಿ ಊಹೆಗೂ ರೂಟರ್ ಜೊತೆ ಹೊಸದಾಗಿ ಮಾತಾಡಬೇಕು. ಗ್ರಾಫಿಕ್ಸ್ ಕಾರ್ಡಿನ ಆಟ ಅಲ್ಲಿಗೆ ಮುಗಿಯಿತು.

ಹಾಕಿದ ತಕ್ಷಣ ಗೀಸರಿನ ಸ್ಮಾರ್ಟ್ ಪ್ಲಗ್, ಪ್ರಿಂಟರ್, ಅಮ್ಮನ ಹಳೇ ಫೋನು ಮೂರೂ ಹೊರಗೆ. 'ಡಬ್ಲ್ಯುಪಿಎ2/ಡಬ್ಲ್ಯುಪಿಎ3' ಅಂತ ಇನ್ನೊಂದು ಆಯ್ಕೆ ಇದೆ. ಅದೂ ಮಿಕ್ಸೆಡ್ಡೇ. ಪಾಸ್‌ವರ್ಡ್ ಒಂದೇ ಆದ್ದರಿಂದ ಪ್ಲಗ್ಗಿನ ಹ್ಯಾಂಡ್‌ಶೇಕ್ ಹಿಡಿದು ಒಡೆದರೆ ಎಲ್ಲರ ಬಾಗಿಲೂ ತೆರೆಯುತ್ತದೆ. ಬೇಡ ಅನಿಸಿತು. ಮುಖ್ಯ ನೆಟ್‌ವರ್ಕಿಗೆ ಡಬ್ಲ್ಯುಪಿಎ3 ಮಾತ್ರ. ಗೆಸ್ಟ್ ನೆಟ್‌ವರ್ಕಿಗೆ ಡಬ್ಲ್ಯುಪಿಎ2, ಎಇಎಸ್, ಬೇರೆ ಪಾಸ್‌ವರ್ಡ್. ಆ ಮೂವರೂ ಅಲ್ಲಿ. ಗೀಸರ್ ಆನ್ ಆಯಿತು, ಅಮ್ಮನ ವಾಟ್ಸಾಪೂ ಬಂತು.

ಬಾಕಿ

ಗೆಸ್ಟ್‌ನಲ್ಲಿರುವ ಪ್ರಿಂಟರ್ ಮುಖ್ಯ ನೆಟ್‌ವರ್ಕಿಗೆ ಕಾಣುವುದಿಲ್ಲ. ಗೆಸ್ಟ್ ಇರುವುದೇ ಅದಕ್ಕೆ. ಆದ್ದರಿಂದ ಪ್ರಿಂಟರಿಗೂ ಅಪ್ಪನ ಲ್ಯಾಪ್‌ಟಾಪಿಗೂ ಹಾಲಿನಿಂದ ರೂಮಿಗೆ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಯಬೇಕು. ಗೋಡೆಯೊಳಗಿನ ಪೈಪಿನಲ್ಲಿ ಜಾಗ ಇದೆಯೋ ಇಲ್ಲವೋ ಎಲೆಕ್ಟ್ರಿಷಿಯನ್ ಬಂದು ನೋಡಬೇಕು. ಇಲ್ಲದಿದ್ದರೆ ಗೋಡೆ ಮೇಲೇ ಕೇಸಿಂಗ್ ಪಟ್ಟಿ. ಅಮ್ಮ ಅದಕ್ಕೆ ಇನ್ನೂ ಒಪ್ಪಿಲ್ಲ.